ರೋಗೀನ ಹಾಸಿಗೆಯಿಂದ ಎಬ್ಬಿಸಿ ನಡೆಸೋದು ಹೇಗೆ: ವಾರ್ಡ್ ಸಿಸ್ಟರ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನಡ್ಕೊಂಡು ಆಸ್ಪತ್ರೆಗೆ ಬಂದ ಅಜ್ಜ ನ್ಯುಮೋನಿಯಾ ವಾಸಿಯಾಗಿ ಎಂಟ್ಹತ್ತು ದಿನಕ್ಕೆ ಡಿಸ್ಚಾರ್ಜ್ ಆಗ್ತಾರೆ, ಜ್ವರ ಇಲ್ಲ, ಎಕ್ಸ್‌ರೇ ಕ್ಲಿಯರ್, ಕೇಸ್ ಶೀಟ್ ನೋಡಿದ್ರೆ ಎಲ್ಲಾ ಚೆನ್ನಾಗಿದೆ, ಆದ್ರೆ ಆಟೋಗೆ ಹತ್ತಿಸೋಕೆ ಇಬ್ರು ಬೇಕು. ಮನೆಗೆ ಹೋದ್ಮೇಲೆ ಬಚ್ಚಲಿಗೆ ಹೋಗೋಕೂ ಸೊಸೆ ಕೈ ಹಿಡೀಬೇಕು. ಇದನ್ನ ನಾವು "ವಯಸ್ಸಾಯ್ತಲ್ಲ" ಅಂತ ಬಿಟ್ಬಿಡ್ತೀವಿ. ಹತ್ತು ದಿನದಲ್ಲಿ ಯಾರಿಗೂ ಅಷ್ಟು ವಯಸ್ಸಾಗಲ್ಲ. ಅವರನ್ನ ಹತ್ತು ದಿನ ಮಲಗಿಸಿದ್ದು ನಾವು.

ಇದು ಹೊಸ ವಿಷಯ ಅಲ್ಲ. ಬ್ರಿಟನ್ನಿನ ಡಾಕ್ಟರ್ ರಿಚರ್ಡ್ ಆಶರ್ 1947ರಲ್ಲೇ ಸುಮ್ನೆ ಹಾಸಿಗೇಲಿ ಮಲಗಿಸೋದ್ರಿಂದ ಆಗೋ ಅಪಾಯಗಳನ್ನ ಒಂದೊಂದಾಗಿ ಬರೆದಿದ್ರು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು, ಎದೇಲಿ ಕಫ ಕಟ್ಟೋದು, ಬೆಡ್‌ಸೋರ್ (ಮಲಗಿ ಮಲಗಿ ಆಗೋ ಹುಣ್ಣು), ಮಲಬದ್ಧತೆ, ಕೀಲು ಬಿಗಿಯಾಗೋದು, ಮನಸ್ಸು ಕುಗ್ಗೋದು. 2007ರಲ್ಲಿ ಅಮೆರಿಕಾದಲ್ಲಿ ಒಂದು ಸಣ್ಣ ಅಧ್ಯಯನ ಆಯ್ತು, ಯಾವ ಕಾಯಿಲೆನೂ ಇಲ್ಲದ ಹಿರಿಯರನ್ನ ಬರೀ 10 ದಿನ ಹಾಸಿಗೇಲಿ ಇರಿಸಿ ನೋಡಿದ್ರು, ಅಷ್ಟಕ್ಕೇ ಕಾಲಿನ ಮಾಂಸಖಂಡ ಸುಮಾರು 1 ಕೆಜಿ ಕರಗಿಹೋಗಿತ್ತು. ಆರೋಗ್ಯವಾಗಿದ್ದೋರಿಗೇ ಹಿಂಗೆ, ಇನ್ನು ಜ್ವರ, ಆಪರೇಷನ್, ಊಟ ಸೇರದೆ ಇರೋದು ಎಲ್ಲಾ ಒಟ್ಟಿಗೆ ಇದ್ದೋರ ಗತಿ ಏನು ಅಂತ ನೀವೇ ಯೋಚ್ನೆ ಮಾಡಿ. 2009ರ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆ ಸೇರೋಕೆ ಮುಂಚೆ ನಡೀತಿದ್ದ 45 ಜನ ಹಿರಿಯರ ಕಾಲಿಗೆ ಮೀಟರ್ ಕಟ್ಟಿ ನೋಡಿದಾಗ ಅವರು ಆಸ್ಪತ್ರೇಲಿದ್ದ ಸಮಯದಲ್ಲಿ 83 ಪರ್ಸೆಂಟ್ ಮಲಗೇ ಕಳೆದಿದ್ರು.

ಇದನ್ನ ಯಾರು ಸರಿ ಮಾಡ್ಬೇಕು ಅಂದ್ರೆ, ನನ್ನ ಪ್ರಕಾರ ನಾವೇ. ಡಾಕ್ಟರು ರೌಂಡ್ಸಲ್ಲಿ ಒಬ್ಬೊಬ್ಬರ ಹತ್ರ ಐದು ನಿಮಿಷ ಇರ್ತಾರೆ, ಫಿಸಿಯೋ ಎಷ್ಟೋ ಕಡೆ ಇಡೀ ಆಸ್ಪತ್ರೆಗೆ ಒಬ್ಬರೋ ಇಬ್ಬರೋ, ರೆಫರಲ್ ಹೋದ ಬೆಡ್ಡಿಗೆ ಮಾತ್ರ ಬರ್ತಾರೆ. ಹಗಲು ರಾತ್ರಿ ಪಕ್ಕದಲ್ಲಿರೋರು ಸಿಸ್ಟರ್ ಮಾತ್ರ. ನಡೆಸೋದನ್ನ "ಟೈಮ್ ಇದ್ರೆ ಮಾಡೋಣ" ಅನ್ನೋ ಸೇವೆ ಅಂದ್ಕೊಂಡ್ರೆ ಅದು ಯಾವತ್ತೂ ಆಗಲ್ಲ, ಆ್ಯಂಟಿಬಯಾಟಿಕ್ ಥರ ಅದಕ್ಕೂ ಡೋಸ್ ಇದೆ, ಟೈಮ್ ಇದೆ, ತಪ್ಪಿದ್ರೆ ಯಾಕೆ ತಪ್ತು ಅಂತ ಬರೀಬೇಕು ಅನ್ನೋ ಲೆಕ್ಕಕ್ಕೆ ತಂದ್ರೆ ಮಾತ್ರ ಆಗತ್ತೆ. ಕೆಳಗೆ ಬರೆದಿರೋದೆಲ್ಲ ಆ ಲೆಕ್ಕಕ್ಕೆ ತರೋ ದಾರಿ. ಜನರಲ್ ವಾರ್ಡ್ ಮನಸ್ಸಲ್ಲಿಟ್ಕೊಂಡು ಬರೆದಿದೀನಿ, ಬೇರೆ ವಾರ್ಡಿನ ವಿಷಯ ಕೊನೆ ಕಡೆ ಇದೆ.

ಹೆಜ್ಜೆ 1: ಮೊದಲು ಎಣಿಸಿ

ಇಡೀ ಆಸ್ಪತ್ರೆಗೆ ಒಂದೇ ಸಲ ಶುರು ಮಾಡೋಕೆ ಹೋಗ್ಬೇಡಿ, ಸರ್ಕ್ಯುಲರ್ ಬರತ್ತೆ, ಗೋಡೆಗೆ ಪೋಸ್ಟರ್ ಅಂಟತ್ತೆ, ಅಲ್ಲಿಗೆ ಮುಗೀತು. ಒಂದು ವಾರ್ಡ್ ಹಿಡೀರಿ, ಅದ್ರಲ್ಲೂ ಒಂದು ಸಾಲು ಹಾಸಿಗೆ ಸಾಕು. ಒಂದು ವಾರ ಏನೂ ಬದಲಾಯಿಸದೆ ಬೆಳಿಗ್ಗೆ 10, ಮಧ್ಯಾಹ್ನ 1, ಸಂಜೆ 5 ಗಂಟೆಗೆ ಒಂದು ಸುತ್ತು ಹಾಕಿ, ಪ್ರತಿ ಹಾಸಿಗೆ ಎದುರು ಮಲಗಿದ್ರಾ, ಕೂತಿದ್ರಾ, ಕುರ್ಚೀಲಿದ್ರಾ, ನಿಂತಿದ್ರಾ, ನಡೀತಿದ್ರಾ ಅಂತ ಒಂದು ಟಿಕ್. ಎರಡು ನಿಮಿಷದ ಕೆಲಸ. ಜೊತೆಗೆ ಯಾರ್ಯಾರು ಅಡ್ಮಿಟ್ ಆಗೋ ಮುಂಚೆ ಮನೇಲಿ ಒಬ್ಬರೇ ನಡೀತಿದ್ರು ಅನ್ನೋದನ್ನೂ ಕೇಳಿ ಬರ್ಕೊಳ್ಳಿ. "ಮನೇಲಿ ಹೇಗಿದ್ರಿ, ಹೊಲಕ್ಕೆ ಹೋಗ್ತಿದ್ರಾ, ದೇವಸ್ಥಾನಕ್ಕೆ ನಡ್ಕೊಂಡು ಹೋಗ್ತಿದ್ರಾ?" ಅಂತ ಕೇಳಿದ್ರೆ ಸಾಕು, ಪೂರ್ತಿ ಚಿತ್ರ ಸಿಗತ್ತೆ.

ವಾರದ ಕೊನೆಗೆ ಆ ಹಾಳೆ ನೋಡಿದ್ರೆ ನಿಮ್ಮ ಜೊತೆ ಕೆಲಸ ಮಾಡೋರಿಗೆ ಬೇರೆ ಭಾಷಣ ಬೇಕಾಗಲ್ಲ. ಯೂನಿಟ್ ಚೀಫ್ ಹತ್ರ ಹೋಗೋವಾಗ್ಲೂ ಈ ಹಾಳೇನೇ ತಗೊಂಡು ಹೋಗಿ.

ಹೆಜ್ಜೆ 2: ಆರ್ಡರ್ ತಿರುಗಿಸಿ

ಬಹಳ ಕಡೆ ಅಭ್ಯಾಸ ಏನು ಅಂದ್ರೆ, ಡಾಕ್ಟರು "ಮೊಬಿಲೈಸ್" (ಎಬ್ಬಿಸಿ ಓಡಾಡಿಸಿ) ಅಂತ ಬರೆಯೋವರೆಗೂ ಪೇಷೆಂಟ್ ಮಲಗಿರ್ತಾರೆ, ಅವರು ಬರೆಯೋದು ಮರೆತ್ರೆ ಇನ್ನೂ ಎರಡು ದಿನ ಮಲಗ್ತಾರೆ. ಅಡ್ಮಿಷನ್ ಟೈಮಲ್ಲಿ ಯಾರೋ ಇಂಟರ್ನ್ "ಬೆಡ್ ರೆಸ್ಟ್" ಅಂತ ಬರೆದಿದ್ದು ಡಿಸ್ಚಾರ್ಜ್ ದಿನದವರೆಗೂ ಹಾಗೇ ಉಳಿಯತ್ತೆ. ಇದನ್ನ ಉಲ್ಟಾ ಮಾಡಿಸ್ಬೇಕು: ಬೇಡ ಅಂತ ಕಾರಣ ಸಮೇತ ಬರೆದಿಲ್ಲ ಅಂದ್ರೆ ಸಿಸ್ಟರ್ ಪರೀಕ್ಷೆ ಮಾಡಿ ಎಬ್ಬಿಸಬಹುದು, ಬೆಡ್ ರೆಸ್ಟ್ ಬರೆದ್ರೆ ಅದಕ್ಕೆ ಕಾರಣ ಬೇಕು, ಮಾರನೇ ದಿನ ರೌಂಡ್ಸಲ್ಲಿ ಅದನ್ನ ಮತ್ತೆ ನೋಡ್ಬೇಕು. ಈ ಒಂದು ಒಪ್ಪಂದ ಲಿಖಿತವಾಗಿ ಸಿಕ್ಕಿದ್ರೆ ಅರ್ಧ ಕೆಲಸ ಆದ ಹಾಗೆ, ಯಾಕಂದ್ರೆ ನಮ್ಮಲ್ಲಿ ತುಂಬಾ ಸಿಸ್ಟರ್‌ಗಳು ಎಬ್ಬಿಸದೆ ಇರೋದು ಸೋಮಾರಿತನದಿಂದಲ್ಲ, "ನಾಳೆ ಏನಾದ್ರೂ ಆದ್ರೆ ಯಾರ ಆರ್ಡರ್ ಮೇಲೆ ಎಬ್ಬಿಸಿದ್ರಿ ಅಂತ ಕೇಳ್ತಾರೆ" ಅನ್ನೋ ಹೆದರಿಕೆಯಿಂದ.

ಕೆನಡಾದ ಒಂಟಾರಿಯೋದಲ್ಲಿ 14 ಆಸ್ಪತ್ರೆಗಳು ಸೇರಿ ಹಿರಿಯ ರೋಗಿಗಳಿಗೋಸ್ಕರ ಇದನ್ನ ಮಾಡಿದಾಗ ಇಟ್ಕೊಂಡಿದ್ದು ಮೂರೇ ಮಾತು. ಅಡ್ಮಿಟ್ ಆದ 24 ಗಂಟೆ ಒಳಗೆ ಎಷ್ಟು ಓಡಾಡಬಲ್ಲರು ಅಂತ ನೋಡೋದು, ದಿನಕ್ಕೆ ಕಮ್ಮಿ ಅಂದ್ರೂ ಮೂರು ಸಲ ಎಬ್ಬಿಸೋದು, ಅವರವರ ಶಕ್ತಿಗೆ ತಕ್ಕ ಹಾಗೆ ದಿನಾ ಸ್ವಲ್ಪ ಹೆಚ್ಚಿಸೋದು. ನೀವೂ ಇದನ್ನೇ ತಗೊಳ್ಳಿ, ಇದಕ್ಕಿಂತ ಉದ್ದದ ಪಾಲಿಸಿ ಯಾರೂ ನೆನಪಿಟ್ಕೊಳ್ಳಲ್ಲ.

ಹೆಜ್ಜೆ 3: ಯಾರನ್ನ ಎಬ್ಬಿಸಬಾರದು ಅಂತ ಸ್ಪಷ್ಟ ಇರ್ಲಿ

ಉತ್ಸಾಹದಲ್ಲಿ ಎಲ್ಲರನ್ನೂ ಎಬ್ಬಿಸೋಕೆ ಆಗಲ್ಲ. ಎದೆನೋವು ಇನ್ನೂ ನಡೀತಿರೋರು, ಬಿಪಿ ಸರಿಯಿಲ್ಲದೆ ಇನೋಟ್ರೋಪ್ (ಹೃದಯಕ್ಕೆ ಬಲ ಕೊಟ್ಟು ಬಿಪಿ ಹಿಡಿಯೋ ಔಷಧಿ) ಏರ್ತಾ ಇರೋರು, ಬ್ಲೀಡಿಂಗ್ ನಿಲ್ಲದೋರು, ಬೆನ್ನುಮೂಳೆ ಮುರಿದು ಇನ್ನೂ ಫಿಕ್ಸ್ ಆಗದೋರು, ಕಾಲಿನ ಮೇಲೆ ಭಾರ ಹಾಕಬಾರದು ಅಂತ ಆರ್ಥೋದವರು ಬರೆದಿರೋರು, ಮಲಗಿದ್ದಾಗ್ಲೇ ಉಸಿರಾಡೋಕೆ ಕಷ್ಟಪಡ್ತಿರೋರು, ಪ್ಲೇಟ್‌ಲೆಟ್ ತೀರಾ ಕೆಳಗೆ ಹೋಗಿರೋ ಡೆಂಗ್ಯೂ ಪೇಷೆಂಟ್, ಕಾಲಲ್ಲಿ ಹೊಸದಾಗಿ ಕ್ಲಾಟ್ ಅನುಮಾನ ಇದ್ದು ಇನ್ನೂ ಔಷಧಿ ಶುರುವಾಗದೋರು, ಇವರೆಲ್ಲ ಡಾಕ್ಟರನ್ನ ಕೇಳಿದ ಮೇಲೆ ಮಾತ್ರ. ಆದ್ರೆ ಎಬ್ಬಿಸಬಾರದು ಅಂದ್ರೆ ಕದಲಿಸಲೇಬಾರದು ಅಂತಲ್ಲ, ಬೇಡ ಅಂತ ಹೇಳಿಲ್ಲದಿದ್ರೆ ಹಾಸಿಗೇಲೇ ಪಾದ ಮೇಲೆ ಕೆಳಗೆ ಮಾಡೋದು, ಮಗ್ಗುಲು ಬದಲಾಯಿಸೋದು, ತಲೆಕಡೆ ಏರಿಸಿ ಕೂರಿಸೋದು ನಡೀತಾನೇ ಇರ್ಲಿ.

ಈ ಪಟ್ಟಿ ನರ್ಸಸ್ ಸ್ಟೇಷನ್ನಲ್ಲಿ ಕಣ್ಣಿಗೆ ಕಾಣೋ ಕಡೆ ಅಂಟಿಸಿ. ಪಟ್ಟೀಲಿ ಇಲ್ಲದೋರ್ನೆಲ್ಲ ಧೈರ್ಯವಾಗಿ ಎಬ್ಬಿಸೋಕೆ ಇದೇ ಪರ್ಮಿಷನ್.

ಹೆಜ್ಜೆ 4: ನಾಲ್ಕು ಪರೀಕ್ಷೆ, ಹಾಸಿಗೆ ಪಕ್ಕದಲ್ಲೇ

ಅಮೆರಿಕಾದ ಬ್ಯಾನರ್ ಅನ್ನೋ ಆಸ್ಪತ್ರೆ ಸಮೂಹದಲ್ಲಿ ನರ್ಸ್‌ಗಳೇ ಮಾಡೋಕೆ ಅಂತ ರೂಪಿಸಿದ ಬಿಮ್ಯಾಟ್ ಅನ್ನೋ ಪರೀಕ್ಷೆ ಇದೆ, ಯಾವ ಉಪಕರಣನೂ ಬೇಡ, ರೂಢಿ ಆದ್ರೆ ಬೇಗ ಆಗೋಗತ್ತೆ.

ಮೊದಲನೇದು, ಒರಗಿದ್ದೋರು ಎದ್ದು ಹಾಸಿಗೆ ಅಂಚಲ್ಲಿ ಆಸರೆ ಇಲ್ಲದೆ ಕೂರ್ತಾರಾ, ಕೂತು ನಿಮ್ಮ ಕೈ ಕುಲುಕೋಕೆ ಅಡ್ಡಡ್ಡ ಕೈ ಚಾಚ್ತಾರಾ ನೋಡಿ. ಕೈ ಚಾಚುವಾಗ ವಾಲಿದ್ರೆ ಇವತ್ತಿಗೆ ಕೂರೋದೇ ಗುರಿ. ಎರಡನೇದು, ಕೂತಲ್ಲೇ ಒಂದೊಂದು ಕಾಲನ್ನ ಮಂಡಿ ನೆಟ್ಟಗಾಗೋ ಹಾಗೆ ಎತ್ತಿ ಪಾದ ಮೇಲೆ ಕೆಳಗೆ ಆಡಿಸ್ಲಿ, ತೊಡೇಲಿ ಜೀವ ಇದ್ಯಾ ಅಂತ ಗೊತ್ತಾಗತ್ತೆ. ಮೂರನೇದು, ಎದ್ದು ಐದು ಸೆಕೆಂಡ್ ನಿಲ್ಲೋದು, ವಾಕರ್ ಹಿಡಿದ್ರೂ ಪರ್ವಾಗಿಲ್ಲ. ನಾಲ್ಕನೇದು, ನಿಂತಲ್ಲೇ ಹೆಜ್ಜೆ ಎತ್ತಿ ಹಾಕೋದು, ಆಮೇಲೆ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ಎಲ್ಲಿ ನಿಂತೋಯ್ತೋ ಅಲ್ಲಿಗೆ ಅವರ ಮಟ್ಟ, ಅದಕ್ಕಿಂತ ಮುಂದಿನ ಪರೀಕ್ಷೆ ಬಲವಂತವಾಗಿ ಮಾಡಿಸ್ಬೇಡಿ. ಬೆಳಿಗ್ಗೆ ಚೆನ್ನಾಗಿದ್ದೋರು ರಾತ್ರಿ ಡೋಸ್ ಆದ್ಮೇಲೆ ಮಂಕಾಗಿರಬಹುದು, ಅದಕ್ಕೆ ಶಿಫ್ಟಿಗೊಂದು ಸಲ ನೋಡ್ಬೇಕು.

ಗುರಿ ಬರೆಯೋಕೆ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ 1ರಿಂದ 8ರವರೆಗಿನ ಸ್ಕೇಲ್ ನನಗೆ ತುಂಬಾ ಇಷ್ಟ, ಯಾಕಂದ್ರೆ ಹ್ಯಾಂಡೋವರಲ್ಲಿ ಒಂದೇ ಅಂಕಿ ಹೇಳಿದ್ರೆ ಸಾಕು. 1 ಅಂದ್ರೆ ಬರೀ ಮಲಗಿದಾರೆ, 2 ಹಾಸಿಗೇಲೇ ಚಟುವಟಿಕೆ, 3 ಅಂಚಲ್ಲಿ ಕೂತ್ರು, 4 ಕುರ್ಚಿಗೋ ಕಮೋಡಿಗೋ ಬಂದ್ರು, 5 ಒಂದು ನಿಮಿಷ ನಿಂತ್ರು, 6 ಹತ್ತು ಹೆಜ್ಜೆ, 7 ಇಪ್ಪತ್ತೈದು ಅಡಿ, 8 ಇನ್ನೂರೈವತ್ತು ಅಡಿ ಅಥವಾ ಜಾಸ್ತಿ. "12ನೇ ಬೆಡ್, ನಿನ್ನೆ 4, ಇವತ್ತು ಬೆಳಿಗ್ಗೆ 5, ಸಂಜೆಗೆ 6 ಮಾಡ್ಸಿ" ಅಂದ್ರೆ ಮುಂದಿನ ಶಿಫ್ಟಿನ ಸಿಸ್ಟರಿಗೆ ಬೇರೇನೂ ವಿವರಿಸ್ಬೇಕಿಲ್ಲ.

ಹೆಜ್ಜೆ 5: ಎಬ್ಬಿಸೋ ಮುಂಚಿನ ತಯಾರಿ

ಈ ತಯಾರಿ ತಪ್ಪಿದ್ರೆ ಪೇಷೆಂಟ್ ಬೀಳೋ ಅಪಾಯ ಜಾಸ್ತಿ.

ಔಷಧಿ ಟೈಮ್ ನೋಡಿ. ನೋವಿದ್ರೆ ಮಾತ್ರೆ ಕೊಟ್ಟು ಅರ್ಧ ಮುಕ್ಕಾಲು ಗಂಟೆ ಬಿಟ್ಟು ಎಬ್ಬಿಸಿ, ನೋವಲ್ಲೇ ಎಬ್ಬಿಸಿದ್ರೆ ನಾಳೆ ನಿಮ್ಮ ಮುಖ ನೋಡಿದ್ರೇನೇ ಕಣ್ಣು ಮುಚ್ಕೋತಾರೆ. ಟ್ರಮಡಾಲ್ ಥರದ ನೋವಿನ ಔಷಧಿ ಕೊಟ್ಟಿದ್ರೆ ತಲೆ ಸುತ್ತಬಹುದು. ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸೋ ಔಷಧಿ) ಕೊಟ್ಟ ತಕ್ಷಣ ದೂರ ಕರ್ಕೊಂಡು ಹೋಗ್ಬೇಡಿ, ಮೂತ್ರ ಅವಸರ ಆಗಿ ಓಡೋಕೆ ಹೋಗ್ತಾರೆ. ಪ್ರೊಸ್ಟೇಟ್ ಮಾತ್ರೆ, ಬಿಪಿ ಮಾತ್ರೆ ತಗೊಳ್ಳೋರಿಗೆ ಎದ್ದಾಗ ಬಿಪಿ ಇಳಿಯೋದು ಜಾಸ್ತಿ. ಶುಗರ್ ಇದ್ದು ಇನ್ಸುಲಿನ್ ಆಗಿದ್ರೆ ಊಟ ಆಗಿದ್ಯಾ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ಶುಗರ್) ಎಷ್ಟಿದೆ ನೋಡ್ದೆ ಎಬ್ಬಿಸ್ಬೇಡಿ.

ಟ್ಯೂಬುಗಳು. ಡ್ರಿಪ್ಸ್ ಸದ್ಯಕ್ಕೆ ಬೇಡ ಅಂದ್ರೆ ಫ್ಲಶ್ ಮಾಡಿ ಕ್ಯಾಪ್ ಹಾಕಿ, ಸ್ಟ್ಯಾಂಡ್ ತಳ್ಕೊಂಡು ನಡೆಯೋದಕ್ಕಿಂತ ಅದು ಎಷ್ಟೋ ಮೇಲು. ಯೂರಿನ್ ಬ್ಯಾಗ್ ಖಾಲಿ ಮಾಡಿ, ಯಾವಾಗ್ಲೂ ಸೊಂಟಕ್ಕಿಂತ ಕೆಳಗೇ ಇರ್ಲಿ, ಜೊತೆಗಿರೋರು ಪ್ರೀತಿಯಿಂದ ಎತ್ತಿ ಹಿಡ್ಕೊಂಡು ಬರ್ತಾರೆ, ಮೂತ್ರ ವಾಪಸ್ ಹೋಗಿ ಇನ್ಫೆಕ್ಷನ್ ಆಗತ್ತೆ ಅಂತ ಅವರಿಗೆ ಗೊತ್ತಿರಲ್ಲ, ಹೇಳಿ. ಎದೆಗೆ ಐಸಿಡಿ (ಗಾಳಿ, ನೀರು ಹೊರಗೆ ತೆಗೆಯೋ ಟ್ಯೂಬ್) ಹಾಕಿದ್ರೆ ಬಾಟಲ್ ನೆಟ್ಟಗೆ, ಎದೆಗಿಂತ ಕೆಳಗೆ, ನಡೆಸೋಕೆ ಅಂತ ಕ್ಲ್ಯಾಂಪ್ ಮಾಡೋ ಹಾಗಿಲ್ಲ. ಇನ್ನೊಂದು ಮಾತು, ಆ ಮೂತ್ರದ ಕ್ಯಾತಿಟರ್ ಇನ್ನೂ ಯಾಕಿದೆ ಅಂತ ದಿನಾ ರೌಂಡ್ಸಲ್ಲಿ ಕೇಳಿ, ಅದು ತೆಗೆದ್ರೆ ಪೇಷೆಂಟ್ ಟಾಯ್ಲೆಟ್‌ಗಾದ್ರೂ ಏಳಲೇಬೇಕಾಗತ್ತೆ.

ಕಾಲು ಮತ್ತೆ ನೆಲ. ನಮ್ಮ ವಾರ್ಡುಗಳಲ್ಲಿ ಚಪ್ಪಲಿ ಹೊರಗೆ ಬಿಡಿಸ್ತಾರೆ, ಬರಿಗಾಲಲ್ಲೋ ಸಾಕ್ಸಲ್ಲೋ ನುಣುಪು ಟೈಲ್ಸ್ ಮೇಲೆ ನಡೆಸೋದು ಅಪಾಯ, ಹಿಂದೆ ಪಟ್ಟಿ ಇರೋ ರಬ್ಬರ್ ಚಪ್ಪಲಿ ಒಳಗೆ ಹಾಕೋಕೆ ಬಿಡಿ ಅಂತ ಇನ್‌ಚಾರ್ಜ್ ಹತ್ರ ಮಾತಾಡಿ. ಬೆಳಿಗ್ಗೆ ನೆಲ ಒರೆಸಿ ಫಿನಾಯಿಲ್ ಆರೋವರೆಗೂ ಯಾರನ್ನೂ ಎಬ್ಬಿಸ್ಬೇಡಿ. ಲುಂಗಿ ಬಿಗಿಯಾಗಿ ಕಟ್ಟಿ, ನೈಟಿ ನೆಲಕ್ಕೆ ತಾಗ್ತಿದ್ರೆ ಮೇಲೆ ಸಿಕ್ಕಿಸಿ. ಕನ್ನಡಕ, ಕಿವಿ ಮಿಷಿನ್ ಇದ್ರೆ ಹಾಕ್ಸಿ. ಬ್ರಿಟನ್ನಿನಲ್ಲಿ 2018ರಲ್ಲಿ ನರ್ಸ್‌ಗಳೇ ಮುಂದೆ ನಿಂತು 70 ದಿನ ಒಂದು ಆಂದೋಲನ ನಡೆಸಿದ್ರು, ರೋಗಿಗಳು ಬೆಳಿಗ್ಗೆ ಎದ್ದು ರಾತ್ರಿ ಬಟ್ಟೆ ಬದಲಾಯಿಸಿ ಸ್ವಂತ ಬಟ್ಟೆ ಹಾಕ್ಕೊಂಡು ಓಡಾಡ್ಬೇಕು ಅಂತ. ನಮ್ಮಲ್ಲೂ ಒಂದು ಸಲ ಮಾಡಿ ನೋಡಿ, ತಲೆ ಬಾಚಿ ಸ್ವಂತ ಸೀರೆ ಉಟ್ಟ ಅಜ್ಜಿ ಕೂತ್ಕೊಳ್ಳೋ ರೀತಿನೇ ಬೇರೆ ಇರತ್ತೆ.

ಹೆಜ್ಜೆ 6: ಎಬ್ಬಿಸೋ ಕ್ರಮ

ಇದನ್ನ ನಿಧಾನವಾಗಿ ಓದಿ, ಆಮೇಲೆ ಇಬ್ಬರು ಸಿಸ್ಟರ್ ಸೇರಿ ಒಬ್ಬರ ಮೇಲೊಬ್ಬರು ಪ್ರ್ಯಾಕ್ಟೀಸ್ ಮಾಡಿ.

ಮಂಚದ ಚಕ್ರ ಲಾಕ್ ಮಾಡಿ. ನಮ್ಮ ಕಬ್ಬಿಣದ ಮಂಚ ಎತ್ತರ, ಕಾಲು ನೆಲಕ್ಕೆ ಸಿಗದೆ ನೇತಾಡತ್ತೆ, ಅಂಥ ಕಡೆ ಅಗಲವಾದ ಗಟ್ಟಿ ಮೆಟ್ಟಿಲು ಸ್ಟೂಲ್ ಇಡಿ, ಪ್ಲಾಸ್ಟಿಕ್ ಸ್ಟೂಲ್ ಬೇಡವೇ ಬೇಡ. ಮಲಗಿದ್ದಾಗಿನ ಬಿಪಿ, ಪಲ್ಸ್ ಮೊದ್ಲೇ ನೋಡ್ಕೊಳ್ಳಿ. ತಲೆಕಡೆ ಹ್ಯಾಂಡಲ್ ತಿರುಗಿಸಿ ಏರಿಸಿ, ಐದು ನಿಮಿಷ ಹಾಗೇ ಬಿಡಿ.

ಸೊಂಟದ ಮೂಳೆ ಆಪರೇಷನ್ ಆದ ಒಬ್ಬ ಅಜ್ಜಿ ಅಂತ ಇಟ್ಕೊಳ್ಳಿ. "ಅಜ್ಜಿ, ನಾನಿಲ್ಲೇ ಇದೀನಿ, ಎಲ್ಲೂ ಹೋಗಲ್ಲ, ಇವತ್ತು ಬರೀ ಕೂತ್ಕೊಳ್ಳೋಣ, ಆಮೇಲೆ ನೋಡೋಣ" ಅಂತ ಮೊದಲು ಹೇಳಿ, ಏನ್ ಮಾಡ್ತೀವಿ ಅಂತ ಹೇಳ್ದೆ ತೋಳು ಹಿಡಿದು ಎಳೆದ್ರೆ ಅವರು ಇಡೀ ಮೈ ಬಿಗಿ ಹಿಡೀತಾರೆ. ಸೊಂಟದ ಆಪರೇಷನ್ ಆದೋರಿಗೆ ಹೇಗೆ ತಿರುಗಬಹುದು ಅಂತ ಆರ್ಥೋದವರು ಹೇಳಿರೋ ಕ್ರಮನೇ ಪಾಲಿಸಿ, ಕಾಲುಗಳ ಮಧ್ಯೆ ದಿಂಬು ಇರ್ಲಿ. ಬೇರೆಯವರಾದ್ರೆ ಮಂಡಿ ಮಡಚಿ ಮಗ್ಗುಲಾಗಿ, ಕಾಲು ಅಂಚಿಂದ ಕೆಳಗಿಳಿಸ್ತಾ ಕೆಳಗಿರೋ ಮೊಣಕೈ ಒತ್ತಿ ಏಳಲಿ. ಹೊಟ್ಟೆ ಆಪರೇಷನ್ ಆಗಿದ್ರೆ ದಿಂಬು ಹೊಟ್ಟೆಗೆ ಒತ್ತಿ ಹಿಡ್ಕೊಂಡು ಏಳಲಿ, ಕೆಮ್ಮು ಬಂದ್ರೂ ಅಷ್ಟು ನೋಯಲ್ಲ.

ಕೂತ ಮೇಲೆ ಅವಸರ ಬೇಡ. ಎರಡು ಮೂರು ನಿಮಿಷ. ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸ್ಲಿ, ಮೀನಖಂಡ ಕೆಲಸ ಮಾಡಿದ್ರೆ ಕಾಲಲ್ಲಿ ನಿಂತ ರಕ್ತ ಮೇಲೆ ಬರತ್ತೆ. ಈ ಹೊತ್ತಲ್ಲಿ ಬಿಪಿ ಮಿಷಿನ್‌ಗಿಂತ ಮೊದಲು ಮುಖ ನೋಡ್ತಾ ಇರಿ: ತುಟಿ ಬಿಳುಚಿಕೊಳ್ತಾ, ಮೇಲ್ದುಟಿ ಮೇಲೆ ಬೆವರು ಹನಿ ಬಂತಾ, ಮಾತಾಡ್ತಿದ್ದೋರು ಇದ್ದಕ್ಕಿದ್ದಂಗೆ ಸುಮ್ನಾದ್ರಾ, ಆಕಳಿಕೆ ಶುರುವಾಯ್ತಾ. ಇವು "ಕಣ್ಣು ಕತ್ತಲೆ ಬರ್ತಿದೆ" ಅಂತ ಅವರು ಬಾಯಿಬಿಡೋಕೆ ಮುಂಚೆನೇ ಕಾಣಿಸ್ಬಹುದು. ಕಂಡ್ರೆ ವಾಪಸ್ ಮಲಗಿಸಿ, ಕಾಲು ಎತ್ತರಿಸಿ, ಮಧ್ಯಾಹ್ನ ಮತ್ತೆ ಪ್ರಯತ್ನ.

ಏಳೋವಾಗ ಪಾದ ಸ್ವಲ್ಪ ಅಗಲವಾಗಿ, ಮಂಡಿಗಿಂತ ಸ್ವಲ್ಪ ಹಿಂದಕ್ಕೆ. ಕೈ ಹಾಸಿಗೆ ಮೇಲೆ ಊರಲಿ, ವಾಕರ್ ಹಿಡಿದು ಎಳೆದು ಏಳೋದು ಬೇಡ, ವಾಕರ್ ಮಗುಚಿಕೊಳ್ಳತ್ತೆ. ಮೂಗು ಪಾದದ ಬೆರಳಿನ ಮೇಲೆ ಬರೋ ಅಷ್ಟು ಮುಂದಕ್ಕೆ ಬಗ್ಗಿ ಆಮೇಲೆ ಮೇಲೇಳಲಿ, ಆದ್ರೆ ಸೊಂಟದ ಕೀಲೇ ಬದಲಾಯಿಸಿರೋರಿಗೆ ಹಾಗೆ ಬಗ್ಗೋಕೆ ಬಿಡ್ಬೇಡಿ, ಅವರಿಗೆ ಎತ್ತರದ ಆಸನ ಬೇಕು. ನೀವು ಅವರ ಬಲ ಕಮ್ಮಿ ಇರೋ ಕಡೆ, ಅರ್ಧ ಹೆಜ್ಜೆ ಹಿಂದೆ ನಿಂತಿರಿ, ಒಂದು ಕೈ ಸೊಂಟದ ಹಿಂದೆ, ಇನ್ನೊಂದು ಭುಜದ ಮುಂದೆ. ಕಂಕುಳಲ್ಲಿ ಕೈ ಹಾಕಿ ಎತ್ತೋದನ್ನ ಇವತ್ತೇ ಬಿಡಿ, ಅವರ ಭುಜನೂ ಹಾಳು, ನಿಮ್ಮ ಸೊಂಟನೂ ಹಾಳು. ಸೊಂಟಕ್ಕೆ ಕಟ್ಟೋ ಗೇಟ್ ಬೆಲ್ಟ್ ತರಿಸ್ಕೊಳ್ಳಿ, ವಾರ್ಡಿಗೆ ಎರಡಿದ್ರೂ ಸಾಕು. ಸೆರಗೋ ಅಂಗಿನೋ ಹಿಡ್ಕೊಂಡು ನಡೆಸಿದ್ರೆ ಅದು ಆಸರೆ ಆಗಲ್ಲ.

ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಬಿಪಿ ನೋಡಿ. ಮಲಗಿದ್ದಾಗಿನದ್ದಕ್ಕಿಂತ ಮೇಲಿನದ್ದು 20, ಇಲ್ಲಾ ಕೆಳಗಿನದ್ದು 10 ಇಳಿದ್ರೆ ಅವತ್ತು ನಡೆಸ್ಬೇಡಿ, ಡಾಕ್ಟರಿಗೆ ತಿಳಿಸಿ, ನೀರು ಕಮ್ಮಿ ಆಗಿದ್ಯಾ ಮಾತ್ರೆ ಜಾಸ್ತಿ ಆಗಿದ್ಯಾ ಅಂತ ಅವರು ನೋಡ್ಲಿ. ಪ್ರತಿ ಸಲ ಇದು ಬೇಡ, ಮೊದಲ ಸಲ ಏಳೋರಿಗೆ ಮತ್ತೆ ತಲೆ ಸುತ್ತು ಹೇಳೋರಿಗೆ ಮಾತ್ರ ಕಡ್ಡಾಯ.

ನಡೆಯೋವಾಗ ಮಾತಾಡಿಸ್ತಾ ಇರಿ. ಒಂದು ವಾಕ್ಯ ಪೂರ್ತಿ ಹೇಳೋಕೆ ಆಗದಷ್ಟು ಏದುಸಿರು, ಎದೆನೋವು, ತಣ್ಣನೆ ಬೆವರು, ಸ್ಯಾಚುರೇಷನ್ (ರಕ್ತದ ಆಕ್ಸಿಜನ್) 88ಕ್ಕಿಂತ ಕೆಳಗೆ, ಇದ್ಯಾವುದು ಬಂದ್ರೂ ಅಲ್ಲೇ ಕೂರಿಸಿ, ಅದಕ್ಕೇ ಯಾರಾದ್ರೂ ಹಿಂದೆ ವ್ಹೀಲ್‌ಚೇರ್ ತಳ್ಕೊಂಡು ಬರ್ಬೇಕು. ಕೋಲು ಹಿಡಿಯೋರಿದ್ರೆ ಗಟ್ಟಿ ಕಾಲಿನ ಕಡೆ ಕೈಯಲ್ಲಿ ಹಿಡೀಲಿ, ಬಹಳ ಜನ ನೋವಿರೋ ಕಡೆನೇ ಹಿಡೀತಾರೆ.

ಬೀಳೋ ಹಾಗಾದ್ರೆ? ನಿಲ್ಲಿಸೋಕೆ ಒದ್ದಾಡ್ಬೇಡಿ, ಇಬ್ರೂ ಬೀಳ್ತೀರ. ಒಂದು ಕಾಲು ಮುಂದಿಟ್ಟು, ಅವರನ್ನ ನಿಮ್ಮ ಮೈಗೆ ಒರಗಿಸ್ಕೊಂಡು ತೊಡೆ ಮೇಲೆ ಜಾರಿಸ್ತಾ ನಿಧಾನಕ್ಕೆ ನೆಲಕ್ಕೆ ಕೂರಿಸಿ, ತಲೆ ಕಾಪಾಡಿ.

ಹೆಜ್ಜೆ 7: ಟೈಮ್ ಎಲ್ಲಿಂದ ತರೋದು

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ ಮೂರು ರೋಗಿಗೊಬ್ಬ ನರ್ಸ್, ಬೇರೆ ಕಡೆ ಐದಕ್ಕೊಬ್ಬರು ಇರ್ಬೇಕು. ನಿಜವಾಗ್ಲೂ ವಾರ್ಡಲ್ಲಿ ನಿಂತ್ರೆ ಎಷ್ಟು ಜನರನ್ನ ಒಬ್ಬರು ನೋಡ್ತಾರೆ ಅಂತ ಓದ್ತಿರೋ ಎಲ್ರಿಗೂ ಗೊತ್ತು. ಅದಕ್ಕಾಗಿ ಹೋರಾಡೋದು ಹೋರಾಡ್ಲೇಬೇಕು, ಆದ್ರೆ ಅಲ್ಲಿವರೆಗೂ ರೋಗಿ ಮಲಗಿರೋಕಾಗಲ್ಲ. ಹಾಗಾಗಿ ಪ್ರತ್ಯೇಕ "ನಡೆಸೋ ಟೈಮ್" ಹುಡುಕಬೇಡಿ, ಈಗಾಗ್ಲೇ ಮಾಡ್ತಿರೋ ಕೆಲಸಕ್ಕೇ ಜೋಡಿಸಿ.

ಬೆಡ್‌ಶೀಟ್ ಬದಲಾಯಿಸೋವಾಗ ಪೇಷೆಂಟನ್ನ ಆಚೆ ಈಚೆ ಉರುಳಿಸೋ ಬದ್ಲು ಕುರ್ಚೀಲಿ ಕೂರಿಸಿ, ಶೀಟ್ ಬೇಗ ಆಗತ್ತೆ, ಅವರೂ ಎದ್ದ ಹಾಗಾಯ್ತು. ತಿಂಡಿ, ಊಟ ಮೂರೂ ಹೊತ್ತು ಕಾಲು ಕೆಳಗೆ ಬಿಟ್ಟು ಕೂತೇ ಆಗ್ಲಿ, ಮಲಗಿ ತಿಂದ್ರೆ ಶ್ವಾಸಕ್ಕೆ ಹೋಗೋ ಅಪಾಯನೂ ಇದೆ. ಬೆಡ್‌ಪ್ಯಾನ್ ಬದ್ಲು ಪಕ್ಕದಲ್ಲಿ ಕಮೋಡ್ ಕುರ್ಚಿ, ಕಮೋಡ್ ಬದ್ಲು ಟಾಯ್ಲೆಟ್. ಎಕ್ಸ್‌ರೇಗೆ ಹೋಗೋರು ಪಕ್ಕದ ಬ್ಲಾಕೇ ಆದ್ರೆ, ಶಕ್ತಿ ಇದ್ರೆ ಹೋಗ್ತಾ ಗಾಡಿ, ಬರ್ತಾ ನಡಿಗೆ. ಹೀಗೆ ಲೆಕ್ಕ ಹಾಕಿದ್ರೆ ದಿನಕ್ಕೆ ಮೂರು ಸಲ ಅನ್ನೋದು ಊಟದಲ್ಲೇ ಮುಗಿದೋಗತ್ತೆ, ಕಾರಿಡಾರ್ ನಡಿಗೆ ಅದರ ಮೇಲೆ.

ಹಾಸಿಗೆಗೊಂದು ಗಟ್ಟಿ ಕುರ್ಚಿ ಇಲ್ಲದೆ ಇದ್ಯಾವುದೂ ನಡೆಯಲ್ಲ. ಕೈಯಿರೋ, ಜಾರದ ಕುರ್ಚಿ. ಇಂಡೆಂಟ್ (ಸಾಮಾನಿನ ಬೇಡಿಕೆ ಪಟ್ಟಿ) ಹಾಕೋವಾಗ ಇದನ್ನೇ ಮೊದಲು ಹಾಕಿ. ಕಾರಿಡಾರ್ ಗೋಡೆ ಮೇಲೆ ಐದೈದು ಮೀಟರಿಗೆ ಬಣ್ಣದ ಗುರುತು ಮಾಡಿಸಿ, ಪೇಷೆಂಟ್‌ಗಳೇ "ನಿನ್ನೆ ಹಳದಿವರೆಗೆ ಹೋಗಿದ್ದೆ, ಇವತ್ತು ಕೆಂಪು" ಅಂತ ಹೇಳೋಕೆ ಶುರು ಮಾಡ್ತಾರೆ.

ಹೆಜ್ಜೆ 8: ಜೊತೆಗಿರೋರನ್ನ ನಿಮ್ಮ ಕಡೆ ಮಾಡ್ಕೊಳ್ಳಿ

ನಮ್ಮ ಆಸ್ಪತ್ರೆಗಳಲ್ಲಿ ಎಷ್ಟೋ ಹೊರದೇಶಗಳಲ್ಲಿ ಇಲ್ಲದ ಒಂದು ದೊಡ್ಡ ಬಲ ಇದೆ, ಪ್ರತಿ ಹಾಸಿಗೆ ಪಕ್ಕ ಮನೆಯವರೊಬ್ಬರು ಇರ್ತಾರೆ. ಆದ್ರೆ ಅವರ ಪ್ರೀತಿನೇ ಪೇಷೆಂಟನ್ನ ಮಲಗಿಸತ್ತೆ, ಬಾಯಿಗೆ ತುತ್ತಿಡೋದು, ಕಾಲು ಒತ್ತೋದು, "ಏಳ್ಬೇಡಿ ಅಪ್ಪಾಜಿ, ನಾನು ಕೊಡ್ತೀನಿ" ಅನ್ನೋದು. ನಾವು ಎಬ್ಬಿಸೋಕೆ ಹೋದ್ರೆ "ಈಗಷ್ಟೇ ಮಲಗಿದಾರೆ ಸಿಸ್ಟರ್, ಬಿಡಿ" ಅಂತಾರೆ, ಆಪರೇಷನ್ ಆಗಿದ್ರೆ "ಹೊಲಿಗೆ ಬಿಚ್ಕೊಳ್ಳಲ್ವಾ" ಅಂತ ಗಾಬರಿ. ಇವರ ಜೊತೆ ಜಗಳ ಬೇಡ. ಅಡ್ಮಿಷನ್ ದಿನಾನೇ ಕೂರಿಸಿ ಹೇಳಿ, ಒಂದು ದಿನ ಮಲಗಿದ್ರೆ ಎಷ್ಟು ಶಕ್ತಿ ಹೋಗತ್ತೆ, ನಡೆದ್ರೆ ಎಷ್ಟು ಬೇಗ ಮನೆಗೆ ಹೋಗಬಹುದು ಅಂತ. ನೋವಾಗ್ತಿದೆ ಅಂದ್ರೆ ಹೊಲಿಗೆ ಬಿಚ್ತಿದೆ ಅಂತಲ್ಲ, ನಿಧಾನಕ್ಕೆ ನಡೆದ್ರೆ ಹೊಲಿಗೆಗೆ ಏನೂ ಆಗಲ್ಲ ಅಂತ ಡಾಕ್ಟರ ಬಾಯಲ್ಲೂ ಒಂದು ಸಲ ಹೇಳಿಸಿ, ಅವರ ಮಾತಿಗೆ ತೂಕ ಜಾಸ್ತಿ.

ಆಮೇಲೆ ಕೈಲಿ ಮಾಡಿಸಿ. ನೀವು ಎಬ್ಬಿಸೋವಾಗ ಮಗನ್ನ ಪಕ್ಕ ನಿಲ್ಲಿಸ್ಕೊಳ್ಳಿ, ಮಾರನೇ ದಿನ ಮಗ ಎಬ್ಬಿಸ್ಲಿ ನೀವು ಪಕ್ಕ ನಿಂತಿರಿ. ನಾಲ್ಕನೇ ಪರೀಕ್ಷೆ ಪಾಸಾದ ಪೇಷೆಂಟನ್ನ ಮಾತ್ರ ಮನೆಯವರಿಗೆ ಬಿಡಿ, ಅದಕ್ಕಿಂತ ಕೆಳಗಿದ್ರೆ ಸಿಸ್ಟರ್ ಇರ್ಲೇಬೇಕು. ಸಂಜೆ ವಿಸಿಟಿಂಗ್ ಟೈಮಲ್ಲಿ ಹಾಸಿಗೆ ಸುತ್ತ ಆರು ಜನ ನಿಲ್ಲೋ ಬದ್ಲು ಒಬ್ಬರು ಕೈ ಹಿಡಿದು ಕಾರಿಡಾರಲ್ಲಿ ಒಂದು ಸುತ್ತು ಹಾಕಿಸ್ಲಿ.

ಬೀಳ್ತಾರೆ ಅನ್ನೋ ಭಯದ ಬಗ್ಗೆ

ಇದನ್ನ ಹೆಜ್ಜೆ ಅಂತ ಕರೆಯೋಕಾಗಲ್ಲ, ಆದ್ರೆ ಇದನ್ನ ಎದುರಿಸದೆ ಮುಂದೆ ಹೋಗೋಕೂ ಆಗಲ್ಲ. ಅಮೆರಿಕಾದಲ್ಲಿ 2008ರ ಅಕ್ಟೋಬರಿಂದ, ಆಸ್ಪತ್ರೇಲಿ ಬಿದ್ದು ಗಾಯ ಆದ್ರೆ ಅದರ ಹೆಚ್ಚುವರಿ ಖರ್ಚನ್ನ ಮೆಡಿಕೇರ್ ಅನ್ನೋ ಸರ್ಕಾರಿ ವಿಮೆ ಕೊಡೋದು ನಿಲ್ಲಿಸ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನರ್ಸ್ ಸಂಶೋಧಕಿ ಬಾರ್ಬರಾ ಕಿಂಗ್ ಅವರು ನರ್ಸ್‌ಗಳನ್ನ ಮಾತಾಡಿಸಿ ನೋಡಿದಾಗ, ಒಬ್ಬರೂ ಬೀಳಬಾರದು ಅನ್ನೋ ಒತ್ತಡ ಜಾಸ್ತಿ ಆದಷ್ಟೂ ನರ್ಸ್‌ಗಳು ರೋಗಿಗಳನ್ನ ಓಡಾಡೋಕೆ ಬಿಡೋದು ಕಮ್ಮಿ ಮಾಡ್ತಾರೆ ಅಂತ ಗೊತ್ತಾಯ್ತು. ನಮ್ಮಲ್ಲೂ ಅದೇ ಕಥೆ, ಬಿದ್ರೆ ಇನ್ಸಿಡೆಂಟ್ ರಿಪೋರ್ಟ್, ಮೆಮೊ, ಮನೆಯವರ ಗಲಾಟೆ, ಮಲಗಿ ಮಲಗಿ ಕಾಲು ಸೋತ್ರೆ ಯಾರಿಗೂ ಮೆಮೊ ಇಲ್ಲ.

ಮಲಗಿಸಿದ್ರೆ ಬೀಳಲ್ಲ ಅನ್ನೋದೂ ಸುಳ್ಳು. ಕಾಲಿನ ಶಕ್ತಿ ಹೋದೋರು ರಾತ್ರಿ ಮೂರು ಗಂಟೆಗೆ ಯಾರನ್ನೂ ಎಬ್ಬಿಸದೆ ಟಾಯ್ಲೆಟ್‌ಗೆ ಹೋಗೋಕೆ ಇಳೀತಾರಲ್ಲ, ಆಗ ಬೀಳ್ತಾರೆ. ಅದಕ್ಕೇ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ರ ಮೊದಲೇ ಒಂದು ಮಾತು ಖಚಿತ ಮಾಡ್ಕೊಳ್ಳಿ: ಪರೀಕ್ಷೆ ಮಾಡಿ, ಬರೆದು, ಕ್ರಮದಲ್ಲಿ ಎಬ್ಬಿಸಿದಾಗ ಪೇಷೆಂಟ್ ಕುಸಿದ್ರೆ ಸಿಸ್ಟರ್ ಮೇಲೆ ಗೂಬೆ ಕೂರಿಸಬಾರದು. ಈ ಭರವಸೆ ಇಲ್ಲದೆ ಶುರು ಮಾಡಿದ್ರೆ ಮೊದಲ ಘಟನೆಗೇ ಎಲ್ಲಾ ನಿಂತೋಗತ್ತೆ.

ವಾರ್ಡಿಗೆ ತಕ್ಕ ಹಾಗೆ

ಸ್ಟ್ರೋಕ್ ವಾರ್ಡಲ್ಲಿ ಮೊದಲ 24 ಗಂಟೆ ಹುಷಾರು. 2015ರಲ್ಲಿ ಬಂದ ಅವರ್ಟ್ ಅನ್ನೋ ದೊಡ್ಡ ಪ್ರಯೋಗದಲ್ಲಿ 2104 ರೋಗಿಗಳಿದ್ರು, ತೀರಾ ಬೇಗ, ತೀರಾ ಜಾಸ್ತಿ ಎಬ್ಬಿಸಿದ ಗುಂಪಲ್ಲಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸ್ಕೊಂಡೋರು 46 ಪರ್ಸೆಂಟ್, ಮಾಮೂಲಿ ಆರೈಕೆಯ ಗುಂಪಲ್ಲಿ 50. ಹಾಗಂತ ಮಲಗಿಸಿಡಿ ಅಂತಲ್ಲ, ಸ್ವಲ್ಪ ಸ್ವಲ್ಪ ಹೊತ್ತು, ಹೆಚ್ಚು ಸಲ, ಡಾಕ್ಟರು ಸರಿ ಅಂದ ಮೇಲೆ. ಸೋತ ಕೈ ಹಿಡಿದು ಎಳೀಬೇಡಿ, ಭುಜ ಜಾರತ್ತೆ.

ಐಸಿಯು ವಿಷಯ ಇನ್ನೂ ಸೂಕ್ಷ್ಮ. 2009ರಲ್ಲಿ ವೆಂಟಿಲೇಟರ್ ಮೇಲಿದ್ದ 104 ಜನರ ಅಧ್ಯಯನದಲ್ಲಿ, ಎರಡೂ ಗುಂಪಿಗೆ ಸೆಡೇಷನ್ (ಮಂಪರಿನ ಔಷಧಿ) ದಿನಾ ಸ್ವಲ್ಪ ಹೊತ್ತು ನಿಲ್ಲಿಸ್ತಿದ್ರು, ಅದರ ಜೊತೆ ಬೇಗ ವ್ಯಾಯಾಮನೂ ಶುರು ಮಾಡಿದೋರಲ್ಲಿ 59 ಪರ್ಸೆಂಟ್ ಜನ ಡಿಸ್ಚಾರ್ಜ್ ಹೊತ್ತಿಗೆ ತಮ್ಮ ಕೆಲಸ ತಾವೇ ಮಾಡ್ಕೊಳ್ತಿದ್ರು, ಇನ್ನೊಂದು ಗುಂಪಲ್ಲಿ 35. ಆದ್ರೆ 2022ರ ಟೀಮ್ ಅನ್ನೋ 750 ಜನರ ಪ್ರಯೋಗದಲ್ಲಿ ಮಾಮೂಲಿಗಿಂತ ಜಾಸ್ತಿ ಮಾಡಿಸಿದ್ದರಿಂದ ಲಾಭ ಕಾಣ್ಲಿಲ್ಲ, ತೊಂದರೆಗಳು ಹೆಚ್ಚಾದ್ವು. ಅಂದ್ರೆ ಐಸಿಯುನಲ್ಲಿ ಸಿಸ್ಟರ್ ಒಬ್ಬರೇ ತೀರ್ಮಾನ ಮಾಡೋದಲ್ಲ, ಡಾಕ್ಟರ್, ಫಿಸಿಯೋ, ನಾವು ಮೂವರೂ ಬೆಳಿಗ್ಗೆ ಒಟ್ಟಿಗೆ ಗುರಿ ಹಾಕ್ಕೊಂಡು ಮಾಡೋದು.

ಹೆರಿಗೆ ವಾರ್ಡಲ್ಲಿ ಸಿಸೇರಿಯನ್ ಆದೋರನ್ನ ಸ್ಪೈನಲ್ (ಬೆನ್ನಿಗೆ ಕೊಟ್ಟ ಅರಿವಳಿಕೆ) ಇಳಿದ ಮೇಲೆ, ಸಾಮಾನ್ಯವಾಗಿ 6ರಿಂದ 8 ಗಂಟೆಗೆ ಎಬ್ಬಿಸಬಹುದು, ಎಬ್ಬಿಸೋ ಮುಂಚೆ ಮಲಗಿದ್ದಲ್ಲೇ ಎರಡೂ ಕಾಲು ಎತ್ತೋಕೆ ಬರತ್ತಾ ನೋಡಿ. ಬಾಣಂತಿ ಓಡಾಡಬಾರದು, ಶೀತ ಆಗತ್ತೆ ಅಂತ ಅಮ್ಮ, ಅತ್ತೆ ಇಬ್ರೂ ತಡೀತಾರೆ, ಅವರಿಗೆ ಹೇಳಿ, ಹೆರಿಗೆ ಆದ ಮೊದಲ ಆರು ವಾರದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಬೇರೆ ಸಮಯಕ್ಕಿಂತ ಜಾಸ್ತಿ, ಸ್ವೆಟರ್ ಹಾಕ್ಲಿ, ತಲೆಗೆ ಬಟ್ಟೆ ಕಟ್ಲಿ, ಕಾಲಿಗೆ ಸಾಕ್ಸ್ ಜೊತೆ ಚಪ್ಪಲಿ ಹಾಕ್ಲಿ, ಆದ್ರೆ ನಡೀಲಿ. ಪದ್ಧತಿ ಬಿಡಿ ಅಂತ ಹೇಳಿದ್ರೆ ಯಾರೂ ಕೇಳಲ್ಲ, ಪದ್ಧತಿ ಜೊತೆಗೇ ನಡೀರಿ ಅಂದ್ರೆ ಒಪ್ತಾರೆ.

ಸೊಂಟದ ಮೂಳೆ ಮುರಿದು ಆಪರೇಷನ್ ಆದೋರಿಗೆ, ಬೇಡ ಅನ್ನೋ ಕಾರಣ ಇಲ್ಲದಿದ್ರೆ ಮಾರನೇ ದಿನಾನೇ ಎಬ್ಬಿಸ್ಬೇಕು ಅಂತ ಬ್ರಿಟನ್ನಿನ ನೈಸ್ ಅನ್ನೋ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳತ್ತೆ. ವಾರದ ಕೊನೆ ಬಂತು, ಫಿಸಿಯೋ ರಜಾ, ಸೋಮವಾರ ನೋಡೋಣ ಅನ್ನೋದು ಈ ಅಜ್ಜ ಅಜ್ಜಿಯರಿಗೆ ತುಂಬಾ ದುಬಾರಿ.

ಹೆಜ್ಜೆ 9: ಬರೀರಿ, ಹೇಳಿ

ಜ್ವರ, ಪಲ್ಸ್, ಉಸಿರು ಬರೆಯೋ ಟಿಪಿಆರ್ ಚಾರ್ಟಲ್ಲೇ ಒಂದು ಸಾಲು ಜಾಸ್ತಿ ಮಾಡಿ, 1ರಿಂದ 8ರ ಅಂಕಿ ಶಿಫ್ಟಿಗೊಂದು. ಹೊಸ ರಿಜಿಸ್ಟರ್ ಬೇಡ, ಈಗಿರೋದೇ ಬರೆದು ಮುಗಿಯಲ್ಲ. ಎಬ್ಬಿಸಲಿಲ್ಲ ಅಂದ್ರೆ ಒಂದೇ ಪದದಲ್ಲಿ ಕಾರಣ: ನೋವು, ಬಿಪಿ, ನಿರಾಕರಣೆ, ಸಿಬ್ಬಂದಿ ಇಲ್ಲ. ತಿಂಗಳ ಕೊನೆಗೆ "ಸಿಬ್ಬಂದಿ ಇಲ್ಲ" ಅನ್ನೋದು ಎಷ್ಟು ಸಲ ಬಂದಿದೆ ಅಂತ ಎಣಿಸಿ ಮೇಲೆ ಕಳಿಸಿ, ಬಾಯಿಮಾತಲ್ಲಿ ಹೇಳಿದ್ದಕ್ಕಿಂತ ಅದು ಗಟ್ಟಿ ಸಾಕ್ಷಿ. ಮೊದಲ ವಾರ ಮಾಡಿದ ಟಿಕ್ ಹಾಕೋ ಸುತ್ತು ತಿಂಗಳಿಗೊಂದು ದಿನ ಮತ್ತೆ ಮಾಡಿ, ಎರಡೂ ಹಾಳೆ ಪಕ್ಕ ಪಕ್ಕ ಅಂಟಿಸಿ. ಆಯಾ, ವಾರ್ಡ್ ಬಾಯ್‌ಗಳನ್ನೂ ಈ ಮಾತುಕತೇಲಿ ಕೂರಿಸ್ಕೊಳ್ಳಿ, ನಿಜಕ್ಕೂ ಪೇಷೆಂಟ್ ತೂಕ ಹೊರೋರು ಅವರೇ, ಯಾರ ಮಂಚ ಕಿರುಗುಟ್ಟತ್ತೆ, ಯಾವ ಟಾಯ್ಲೆಟ್ ಬಾಗಿಲಲ್ಲಿ ಜಾರತ್ತೆ ಅಂತ ಅವರಿಗೇ ಗೊತ್ತಿರೋದು.

ಹೆಜ್ಜೆ 10: ಮನೆಗೆ ಕಳಿಸೋ ಮುಂಚೆ

ಡಿಸ್ಚಾರ್ಜ್ ಹಿಂದಿನ ದಿನ ಮನೆ ಹೇಗಿದೆ ಕೇಳಿ. ಮೆಟ್ಟಿಲಿದ್ಯಾ, ಬಚ್ಚಲು ಮನೆ ಹೊರಗಿದ್ಯಾ, ಟಾಯ್ಲೆಟ್ ಇಂಡಿಯನ್ನಾ, ನೆಲದ ಮೇಲೆ ಮಲಗ್ತಾರಾ. ಮೆಟ್ಟಿಲಿದ್ರೆ ಆಸ್ಪತ್ರೆ ಮೆಟ್ಟಿಲಲ್ಲೇ ಹತ್ತಿಸಿ ನೋಡಿ, ಹತ್ತೋವಾಗ ಗಟ್ಟಿ ಕಾಲು ಮೊದಲು, ಇಳಿಯೋವಾಗ ನೋವಿರೋ ಕಾಲು ಮೊದಲು. ಇಂಡಿಯನ್ ಟಾಯ್ಲೆಟ್ ಆದ್ರೆ ಅದರ ಮೇಲೆ ಇಡೋ ಕಮೋಡ್ ಸ್ಟೂಲ್ ಕೊಳ್ಳೋಕೆ, ಗೋಡೆಗೆ ಹಿಡಿಕೆ ಹಾಕಿಸೋಕೆ ಹೇಳಿ, ನೆಲದ ಹಾಸಿಗೆ ಬದ್ಲು ಮಂಚ. ದಿನಕ್ಕೆ ಎಷ್ಟು ಸಲ, ಎಲ್ಲಿವರೆಗೆ ನಡೀಬೇಕು ಅಂತ ಡಿಸ್ಚಾರ್ಜ್ ಶೀಟಲ್ಲಿ ಮಾತ್ರೆ ಪಟ್ಟಿ ಕೆಳಗೇ ಕನ್ನಡದಲ್ಲಿ ಬರೆದುಕೊಡಿ, "ಊಟ ಆದ್ಮೇಲೆ ಅಂಗಳದಲ್ಲಿ ಎರಡು ಸುತ್ತು, ದಿನಾ ಮೂರು ಹೊತ್ತು, ಮಗ ಜೊತೆಗಿರಬೇಕು" ಅಂತ ಇಷ್ಟು ಸ್ಪಷ್ಟವಾಗಿ. ಕಾಲು ಒಂದೇ ಕಡೆ ಊದಿಕೊಂಡು ಮೀನಖಂಡ ನೋಯ್ತಿದ್ರೆ, ಇದ್ದಕ್ಕಿದ್ದಂಗೆ ಉಸಿರು ಕಟ್ಟಿದ್ರೆ ತಡ ಮಾಡದೆ ವಾಪಸ್ ಬರೋಕೆ ಹೇಳಿ. ಫಾಲೋಅಪ್‌ಗೆ ಓಪಿಡಿಗೆ ಬಂದಾಗ ಹೇಗೆ ಬಂದ್ರು, ನಡ್ಕೊಂಡಾ ವ್ಹೀಲ್‌ಚೇರಲ್ಲಾ ಅಂತ ಅಲ್ಲಿನ ಸಿಸ್ಟರ್ ಕೈಲಿ ಕೇಸ್ ಶೀಟಲ್ಲಿ ಬರೆಸಿ.